ಕೆಡವಿ ಕಟ್ಟುವ ಜಾಗದಲ್ಲಿ ಬಾಡಿಗೆದಾರ: ದಾವಣಗೆರೆಯ ಒಂದು ಅನುಭವ

ಹೊಸ ಮಳಿಗೆಯ ಬೀಗದ ಕೈ ಸಿಕ್ಕು ಕೆಲವು ತಿಂಗಳಾಯಿತು. ಕರೆಂಟು ಬಂದಿದ್ದು ಮಾತ್ರ ಮೊನ್ನೆ ಮೊನ್ನೆ. ಹಾಗಾಗಿ ಈಗ ಎಲ್ಲ ಮುಗಿಯಿತು ಅಂತ ಧೈರ್ಯವಾಗಿ ಹೇಳಬಹುದು.

ನಮ್ಮದು ಟೈಲರಿಂಗ್ ಸಾಮಾನಿನ ಅಂಗಡಿ. ದಾರ, ಗುಂಡಿ, ಜಿಪ್, ಕ್ಯಾನ್ವಾಸ್, ಲೈನಿಂಗ್ ಬಟ್ಟೆ, ಸೀರೆ ಫಾಲ್ಸ್. ಪಿ.ಬಿ. ರಸ್ತೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಹಳೇ ಸಾರ್ವಜನಿಕ ಸಂಕೀರ್ಣದಲ್ಲಿ, ಊರಿನ ಮಿಲ್ಲುಗಳು ಇನ್ನೂ ಓಡುತ್ತಿದ್ದ ಕಾಲದಲ್ಲಿ ಅಪ್ಪ ಶುರು ಮಾಡಿದ್ದು. ಆ ಸಂಕೀರ್ಣವನ್ನೂ ಅದರ ಹಿಂದಿನ ದೊಡ್ಡ ಅಂಗಳವನ್ನೂ ಸೇರಿಸಿ ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದರು. ಜಾಗ ಯಾವ ಕಚೇರಿಗೆ ಸೇರಿದ್ದು ಅಂತ ಹೆಸರು ಹಾಕುವುದಿಲ್ಲ. ಬೈಯಬೇಕು ಅಂತ ಬರೆಯುತ್ತಿಲ್ಲ. ಇಂಥದ್ದೇ ಕೆಲಸ ನಾಳೆ ಚಿತ್ರದುರ್ಗದಲ್ಲೋ ಹರಿಹರದಲ್ಲೋ ಶುರುವಾದರೆ ಅಲ್ಲಿ ಅಂಗಡಿ ಇಟ್ಟವರಿಗೆ ಉಪಯೋಗಕ್ಕೆ ಬರಲಿ ಅಂತ.

ಇದರಲ್ಲಿ ಮುಖ್ಯವಾದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ. ಕಟ್ಟಡ ನಿಂತಿರುವವರೆಗೆ ನಿಮ್ಮ ಅಂಗಡಿ ಎಲ್ಲಿತ್ತು, ಎಷ್ಟು ಅಗಲ ಇತ್ತು ಅನ್ನುವುದಕ್ಕೆ ಗೋಡೆಯೇ ಸಾಕ್ಷಿ. ಗೋಡೆ ಬಿದ್ದ ಮೇಲೆ ಕಾಗದ ಮಾತ್ರ. ಆ ಕಾಗದ ಮಾಡಿಸಿಕೊಳ್ಳುವ ಕೆಲಸ ಜೆಸಿಬಿ ಬರುವ ಮುಂಚೆ ಆಗಬೇಕು.

ಊರು ಬೆಳೆದದ್ದು ನಮ್ಮ ಕಣ್ಣೆದುರೇ. 1997ರಲ್ಲಿ ಜಿಲ್ಲೆ ಆಯಿತು, 2007ರಲ್ಲಿ ಮಹಾನಗರ ಪಾಲಿಕೆ ಬಂತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂದಾಗ ಕರ್ನಾಟಕದಿಂದ ಇದ್ದದ್ದು ಎರಡೇ ಹೆಸರು, ದಾವಣಗೆರೆ ಮತ್ತು ಬೆಳಗಾವಿ. ಅವತ್ತು ನಮ್ಮ ಸಾಲಿನಲ್ಲಿ ಪೇಡೆ ಹಂಚಿದ್ದರು, ನಾನೂ ತಿಂದಿದ್ದೆ. ನಮ್ಮ ಸಂಕೀರ್ಣ ಆ ಯೋಜನೆಯದ್ದಲ್ಲ. ಆದರೆ ಅಲ್ಲಿಂದಾಚೆ ಊರ ನಡುವಿನ ಹಳೇ ಜಾಗಗಳನ್ನು ನೋಡುವ ಕಣ್ಣೇ ಬದಲಾಯಿತು. ಮಂಡಕ್ಕಿ ಭಟ್ಟಿಗಳ ಪ್ರದೇಶಕ್ಕೊಂದು ನಕ್ಷೆ, ಬಸ್ ನಿಲ್ದಾಣಕ್ಕೊಂದು ನಕ್ಷೆ. ಒಂದೇ ಮಹಡಿಯ ಹಂಚಿನ ಮಳಿಗೆಗಳು ಇಷ್ಟು ಬೆಲೆಬಾಳುವ ಜಾಗದಲ್ಲಿ ಯಾಕೆ ಅಂತ ಕೇಳುವವರು ಜಾಸ್ತಿಯಾದರು. ಕೇಳಿದ್ದು ತಪ್ಪೂ ಅಲ್ಲ.

ಮೊದಲು ಬಂದವರು ಇಂಜಿನಿಯರುಗಳು. ಕಂಬದ ಗಾರೆ ಕೆರೆದು, ಕಾಂಕ್ರೀಟಿನ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಅನ್ನುವ ಸಾಧನ ಒತ್ತಿ, ಬಂದ ಅಂಕಿ ಬರೆದುಕೊಂಡರು. ಎರಡು ಕಡೆ ಕಾಂಕ್ರೀಟು ಕೊರೆದು ಗೇಣುದ್ದದ ತುಂಡು ತೆಗೆದು ಪರೀಕ್ಷೆಗೆ ಒಯ್ದರು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ನಮಗೇನು ಗೊತ್ತಿರಲಿಲ್ಲವೇ? ಮಳೆಗಾಲದಲ್ಲಿ ವರಾಂಡದ ಚಾವಣಿಯ ಚಕ್ಕೆ ಲೈನಿಂಗ್ ಥಾನಿನ ಮೇಲೆ ಬೀಳುತ್ತಿತ್ತು. ಕಟ್ಟಡ ಕೆಡವಬೇಡಿ ಅಂತ ನಾನು ಯಾವತ್ತೂ ವಾದ ಮಾಡಲಿಲ್ಲ. ಕೆಡವಿದ ಮೇಲೆ ನಾವೆಲ್ಲಿ, ಅದಷ್ಟೇ ನನ್ನ ಪ್ರಶ್ನೆ.

ವರದಿ ಬಂತು, ಶಿಥಿಲ ಅಂತಾಯಿತು, ಆಮೇಲೆ ನೋಟಿಸು. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಒಬ್ಬೊಬ್ಬರ ಕೈಗೂ ಕೊಟ್ಟು ಸಹಿ ಹಾಕಿಸಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ಎರಡು ಗುಂಪಾಗಿತ್ತು. ಒಂದು ಗುಂಪಿಗೆ ನಾಳೆಯೇ ಸ್ಟೇ ತರಬೇಕು. ಇನ್ನೊಂದು ಗುಂಪಿಗೆ ಸುಮ್ನೆ ಕೂತರೆ ಸರ್ಕಾರದ ಕೆಲಸ ತಾನಾಗೇ ನಿಂತುಹೋಗುತ್ತೆ ಅನ್ನುವ ನಂಬಿಕೆ. ನಾವು ಕೆಲವರು ವಕೀಲರ ಹತ್ತಿರ ಹೋದೆವು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಸಾರ್ವಜನಿಕ ಕಟ್ಟಡದಿಂದ ತೆರವು ಮಾಡಿಸಲು ಕರ್ನಾಟಕದಲ್ಲಿ 1974ರ ಒಂದು ಕಾಯ್ದೆ ಇದೆ. ಕರಾರಿನ ಅವಧಿ ಮುಗಿದವರನ್ನು ಅನಧಿಕೃತ ಅನುಭವದಾರರು ಅಂತ ಅದರಡಿ ಎಬ್ಬಿಸಬಹುದು. ನಮ್ಮಲ್ಲಿ ಬಹುತೇಕರ ಕರಾರು ಎಂದೋ ಮುಗಿದಿತ್ತು. ಬಾಡಿಗೆ ಕಟ್ಟುತ್ತಿದ್ದೆವು, ರಸೀದಿ ಕೊಡುತ್ತಿದ್ದರು, ಅಷ್ಟೇ. ಆದರೆ ಅದೇ ಕಾಯ್ದೆ ಪ್ರಕಾರ ಮೊದಲು ಕಾರಣ ಕೇಳುವ ನೋಟಿಸ್ ಕೊಡಬೇಕು, ನಮ್ಮ ಉತ್ತರ ಕೇಳಬೇಕು, ಆಮೇಲೆ ಆದೇಶ. ಆದೇಶದ ಮೇಲೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ ಹಾಕಬಹುದು. ಅದಾದ ಮೇಲೆ ಹೈಕೋರ್ಟ್. ನಮ್ಮಲ್ಲಿ ಕೆಲವರು ಧಾರವಾಡ ಹತ್ತಿರ ಅಲ್ವಾ ಅಂತ ಲೆಕ್ಕ ಹಾಕಿದ್ದರು. ದಾವಣಗೆರೆ ಜಿಲ್ಲೆ ಧಾರವಾಡ ಪೀಠಕ್ಕೆ ಬರುವುದಿಲ್ಲ, ಬೆಂಗಳೂರಿಗೇ ಹೋಗಬೇಕು. ಆ ಖರ್ಚು ಕೇಳಿ ಸ್ಟೇ ಗುಂಪು ಅರ್ಧ ಆಯಿತು.

ವಕೀಲರು ಒಂದು ಮಾತನ್ನು ಒತ್ತಿ ಹೇಳಿದರು. "ಯಜಮಾನ್ರೇ, ಕೋರ್ಟಿಗೆ ಹೋಗ್ರಿ ಬಿಡ್ರಿ, ಅದು ನಿಮಗೆ ಬಿಟ್ಟಿದ್ದು. ನೋಟಿಸಿಗೆ ಉತ್ತರ ಮಾತ್ರ ಕೊಡ್ದೆ ಇರಬ್ಯಾಡ್ರಿ." ನಾವು ಉತ್ತರ ಕೊಟ್ಟೆವು. ತೆರವಿಗೆ ಒಪ್ಪುತ್ತೇವೆ, ಆದರೆ ಹೊಸ ಕಟ್ಟಡದಲ್ಲಿ ಹಳಬರಿಗೆ ಮೊದಲ ಆದ್ಯತೆ ಅಂತ ಬರೆದು ಕೊಡಿ, ಕಟ್ಟುವವರೆಗೆ ತಾತ್ಕಾಲಿಕ ಜಾಗ ಕೊಡಿ, ಈಗಿನ ಅಳತೆ ದಾಖಲಿಸಿ. ಇಷ್ಟೇ. ಆಮೇಲೆ ಒಂದು ಸಭೆ ಕರೆದರು. ಸಭೆಯಲ್ಲಿ "ನಿಮ್ಮನ್ನ ಬೀದಿಗೆ ಬಿಡ್ತೀವಾ, ನಂಬಿಕೆ ಇಡಿ" ಅಂತ ದೊಡ್ಡವರು ಹೇಳಿದರು. ನಂಬಿದೆವು, ಆದರೂ ಸಭೆಯ ನಡಾವಳಿಯ ದೃಢೀಕೃತ ಪ್ರತಿ ಕೇಳಿ ಪಡೆದೆವು. ಮುಂದೆ ಆ ಕುರ್ಚಿಯಲ್ಲಿ ಕೂತವರು ಬದಲಾಗುತ್ತಲೇ ಹೋದರು. ಹೊಸಬರು ಬಂದಾಗೆಲ್ಲ "ಹಾಗಂತ ಯಾರು ಹೇಳಿದ್ದು?" ಅನ್ನುವ ಪ್ರಶ್ನೆ. ಆ ನಡಾವಳಿಯ ಹಾಳೆ ಇರದಿದ್ದರೆ ನಮ್ಮ ಬಾಯಲ್ಲಿ ಉತ್ತರ ಇರುತ್ತಿರಲಿಲ್ಲ.

ನೋಟಿಸ್ ಬಂದ ಮೇಲೆ ಇನ್ನೊಂದು ಆಯಿತು. ಬಾಡಿಗೆ ಕಟ್ಟಲು ಹೋದರೆ ಕೌಂಟರಿನಲ್ಲಿ ತೆಗೆದುಕೊಳ್ಳಲಿಲ್ಲ. "ಸದ್ಯಕ್ಕೆ ಬ್ಯಾಡ ಅಂದಾರೆ" ಅಂತ ಉತ್ತರ. ದುಡ್ಡು ಉಳಿಯಿತು ಅಂತ ಖುಷಿಪಟ್ಟು ಬಂದವರಿದ್ದಾರೆ. ಮುಂದೆ ಬಾಕಿ ಇಲ್ಲದ ಪ್ರಮಾಣಪತ್ರ ಕೇಳಿದಾಗ ಅದೇ ತಿಂಗಳುಗಳನ್ನು ಬಾಕಿ ಅಂತ ತೋರಿಸಿ, ದಂಡ ಸೇರಿಸಿ ಕಟ್ಟಿಸಿಕೊಂಡರು. ಕೌಂಟರಿನಲ್ಲಿ ಬೇಡ ಅಂದರೆ ಡಿಡಿ ತೆಗೆಸಿ, ಸ್ವೀಕೃತಿ ಕಾರ್ಡು ಹಚ್ಚಿ ಅಂಚೆಯಲ್ಲಿ ಕಳಿಸಿ. ವಾಪಸ್ ಬಂದರೆ ಆ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ. ನಮ್ಮ ಸಾಲಿನಲ್ಲಿ ಪಾತ್ರೆ ಅಂಗಡಿಯ ಹಿರಿಯರೊಬ್ಬರು ಹೀಗೇ ಮಾಡಿದ್ದರು. ಅವರನ್ನು ನೋಡಿ ನಾನೂ ಮಾಡಿದೆ, ದಂಡ ತಪ್ಪಿತು.

ಇನ್ನು ಅಳತೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ಸರ್ವೇಯರ್, ಒಬ್ಬ ಗುಮಾಸ್ತ, ಟೇಪು ಹಿಡಿಯುವ ಒಬ್ಬ ಹುಡುಗ ಬಂದರು. ನಮ್ಮ ಅಂಗಡಿ ಹಳೇ ಆದೇಶದಲ್ಲಿ 8 ಅಡಿಗೆ 10 ಅಡಿ. ಮೂರು ಗೋಡೆಗೂ ಮರದ ರ್‍ಯಾಕು, ರ್‍ಯಾಕಿನ ತುಂಬ ದಾರದ ಡಬ್ಬಿ, ಗುಂಡಿಯ ಗಾಜಿನ ಬಾಟಲಿ. ಹುಡುಗ ರ್‍ಯಾಕಿನಿಂದ ರ್‍ಯಾಕಿಗೆ ಟೇಪು ಹಿಡಿದ. ಗುಮಾಸ್ತರು "ಆರೂವರೆ" ಅಂತ ಬರೆಯಲು ಪೆನ್ನು ಎತ್ತಿದರು. ನನ್ನ ಹೆಂಡತಿ ಒಂದು ಮಾತೂ ಆಡದೆ ಎರಡೂ ಕಡೆ ಒಂದೊಂದು ಖಾನೆಯ ಡಬ್ಬಿಗಳನ್ನು ಕೆಳಗಿಳಿಸಿದಳು. ಹಿಂದಿನ ಗೋಡೆಯ ಸುಣ್ಣ ಕಂಡಿತು. "ಅಣ್ಣಾ, ಈಗ ಹಿಡೀರಿ" ಅಂದಳು. ಟೇಪಿನ ತುದಿ ಗೋಡೆಗೆ ತಾಗಿತು, ಎಂಟಡಿ ಬಂತು. ಒಂದೂವರೆ ಅಡಿ ಅಂದರೆ ಏನು ಮಹಾ ಅನ್ನಿಸಬಹುದು. ಹತ್ತಡಿ ಉದ್ದಕ್ಕೆ ಹದಿನೈದು ಚದರಡಿ. ಹೊಸ ಕಟ್ಟಡದಲ್ಲಿ ಹಳೇ ಅಳತೆ ನೋಡಿಯೇ ಯಾರಿಗೆ ಯಾವ ವರ್ಗದ ಮಳಿಗೆ ಅಂತ ವಿಂಗಡಿಸಿದರು. ಪಕ್ಕದ ಸಾಲಿನಲ್ಲಿ ರ್‍ಯಾಕಿನ ಅಳತೆಗೇ ಸಹಿ ಹಾಕಿದವರು ಚಿಕ್ಕ ವರ್ಗಕ್ಕೆ ಹೋದರು.

ಅಳತೆ ಬರೆದ ಮಹಜರಿಗೆ ಸಹಿ ಹಾಕುವ ಮುಂಚೆ ಓದಿ. ಅದರ ಪ್ರತಿ ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಂಗಡಿ ಮುಂದೆ ನಿಂತು ಒಂದು ವಿಡಿಯೊ ಮಾಡಿ, ಎಡ ಬಲದ ಅಂಗಡಿಯ ಬೋರ್ಡು ಕಾಣುವ ಹಾಗೆ. ವಿದ್ಯುತ್ ಮೀಟರಿನ ಆರ್‌ಆರ್ ನಂಬರನ್ನೂ ಅದರಲ್ಲಿ ಹಿಡಿಯಿರಿ. ಅಂಗಡಿ ಸಂಖ್ಯೆ ಬೇರೆ, ಕಡತದಲ್ಲಿರುವ ಸಂಖ್ಯೆ ಬೇರೆ ಆದಾಗ ಆ ಮೀಟರ್ ನಂಬರೇ ನಮ್ಮಲ್ಲಿ ಎಷ್ಟೋ ಜನರ ಕೈ ಹಿಡಿಯಿತು.

ನನಗೆ ನಿಜವಾದ ತೊಡಕು ಬಂದಿದ್ದು ಬೇರೆ ಕಡೆಯಿಂದ. ಮಳಿಗೆ ಹಂಚಿಕೆ ಅಪ್ಪನ ಹೆಸರಿನಲ್ಲಿ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ರಸೀದಿ ಈಗಲೂ ಅವರ ಹೆಸರಿಗೇ ಬರುತ್ತಿತ್ತು, ಯಾರೂ ಕೇಳಿರಲಿಲ್ಲ. ಪುನರ್ವಸತಿ ಪಟ್ಟಿ ಮಾಡುವಾಗ ಕೇಳಿದರು. ಮರಣ ಪತ್ರ ಇತ್ತು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದೆ. ತಂದು ಕೊಟ್ಟರೆ, ಜೀವಂತ ಸದಸ್ಯರ ದೃಢೀಕರಣ ಪತ್ರವೂ ಬೇಕು ಅಂದರು. ಅದು ಬೇರೆ ಅರ್ಜಿ. ಎರಡನ್ನೂ ಒಟ್ಟಿಗೇ ಹಾಕಿಬಿಡಿ, ಗ್ರಾಮ ಆಡಳಿತಾಧಿಕಾರಿಗಳ ವಿಚಾರಣೆಯೂ ಒಟ್ಟಿಗೇ ಮುಗಿಯುತ್ತದೆ. ಆಮೇಲೆ ಹೆಸರಿನ ರಗಳೆ. ಹಳೇ ಹಂಚಿಕೆ ಆದೇಶದಲ್ಲಿ ಅಪ್ಪನಿಗೆ ಒಂದೇ ಇನಿಷಿಯಲ್, ಮರಣ ಪತ್ರದಲ್ಲಿ ಎರಡು, ಪಡಿತರ ಚೀಟಿಯಲ್ಲಿ ಹೆಸರಿನ ಕೊನೆಗೆ "ಪ್ಪ" ಇಲ್ಲ. ಮೂವರೂ ಒಬ್ಬರೇ ಅಂತ ಛಾಪಾ ಕಾಗದದಲ್ಲಿ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಅಪ್ಪ ಬದುಕಿದ್ದರೆ ಈ ಕಾಗದ ನೋಡಿ ಚೆನ್ನಾಗಿ ನಕ್ಕಿರುತ್ತಿದ್ದರು.

ಅಕ್ಕ ರಾಣೆಬೆನ್ನೂರಿನಲ್ಲಿದ್ದಾಳೆ. ಅವಳ ಒಪ್ಪಿಗೆ ಪತ್ರವೂ ಬೇಕಿತ್ತು. ಕೇಳಲು ನನಗೆ ಸಂಕೋಚ. ಅಪ್ಪನ ಆಸ್ತಿ ಅಂತ ನಮ್ಮ ಮನೆಯಲ್ಲಿ ಬೇರೇನೂ ಇಲ್ಲ, ಇದ್ದದ್ದು ಈ ಬಾಡಿಗೆ ಹಕ್ಕು ಒಂದೇ. ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಎಂಟನೇ ಕ್ಲಾಸಿನಾಗ ಇದ್ದಾಗಿಂದ ಆ ಅಂಗಡಿಯಾಗ ಕೂತೀನೋ. ಸಹಿ ಮಾಡ್ತೀನಿ, ಆದ್ರ ಬೋರ್ಡಿನ ಮ್ಯಾಲ ಅಪ್ಪನ ಹೆಸರು ತೆಗೀಬ್ಯಾಡ" ಅಂದಳು. ಮರುದಿನವೇ ಬಸ್ಸು ಹತ್ತಿ ಬಂದಳು. ಎಲ್ಲರ ಮನೆಯಲ್ಲೂ ಹೀಗಾಗಲಿಲ್ಲ. ಅಣ್ಣ ತಮ್ಮಂದಿರು ಸಹಿ ಹಾಕದೆ ಪಟ್ಟಿಯಲ್ಲಿ "ವಿವಾದಿತ" ಅಂತ ಬರೆಸಿಕೊಂಡ ಮಳಿಗೆಗಳು ಇನ್ನೂ ಬೀಗ ಹಾಕಿಕೊಂಡೇ ಇವೆ. ತಂದೆಯ ಹೆಸರಿನಲ್ಲಿ ಸಾರ್ವಜನಿಕ ಮಳಿಗೆ ಇರುವವರು ಕೆಡವುವ ಸುದ್ದಿ ಬರುವವರೆಗೂ ಕಾಯಬೇಡಿ, ಹೆಸರು ಬದಲಾವಣೆ ಈಗಲೇ ಮಾಡಿಸಿ.

ನನ್ನದು ಹೇಗೋ ಕಾಗದದ ಮೇಲೆ ನಿಂತಿತು. ಪಕ್ಕದ ಬಳೆ ಅಂಗಡಿಯವರ ಕಥೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವರು ಅಲ್ಲಿ ಕೂತು ನನ್ನಷ್ಟೇ ವರ್ಷವಾಗಿತ್ತು. ಆದರೆ ಹಂಚಿಕೆ ಬೇರೊಬ್ಬರ ಹೆಸರಿನಲ್ಲಿ. ಆ ಹಂಚಿಕೆದಾರರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ಬಳೆ ಅಂಗಡಿಯವರು ಅವರಿಗೆ ಪ್ರತಿ ತಿಂಗಳು ಒಳಬಾಡಿಗೆ ಕೊಡುತ್ತಿದ್ದರು. ಒಳಬಾಡಿಗೆಗೆ ರಸೀದಿ ಎಲ್ಲಿಂದ ಬರಬೇಕು? ಪಟ್ಟಿಯಲ್ಲಿ ಮೂಲ ಹಂಚಿಕೆದಾರರ ಹೆಸರು ಬಂತು, ಹೊಸ ಮಳಿಗೆಯೂ ಅವರಿಗೇ ಹೋಯಿತು. ನಿಯಮದಲ್ಲಿ ಒಳಬಾಡಿಗೆಯೇ ನಿಷಿದ್ಧ, ಹಾಗಾಗಿ ಬಾಯಿ ಬಿಟ್ಟು ಹೇಳುವ ಹಾಗೂ ಇರಲಿಲ್ಲ. ಊರ ನಡುವೆ ಇಂಥ ಜಾಗಗಳಲ್ಲಿ ನಿಜವಾಗಿ ವ್ಯಾಪಾರ ಮಾಡುವವರಲ್ಲಿ ಎಷ್ಟೋ ಜನ ಹೀಗೇ ಇರುತ್ತಾರೆ.

ಅಂಗಳದಲ್ಲಿ ಹೂವು, ನಿಂಬೆಹಣ್ಣು ಮಾರುವವರದ್ದು ಸ್ವಲ್ಪ ಪರವಾಗಿಲ್ಲ ಅನ್ನಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಅವರ ಸಮೀಕ್ಷೆ ಆಗಬೇಕು, ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಕೊಡಬೇಕು ಅಂತಿದೆ. ಗುರುತಿನ ಚೀಟಿ ಇದ್ದವರಿಗೆ ಪಕ್ಕದ ರಸ್ತೆಯಲ್ಲಿ ಜಾಗ ಗುರುತು ಮಾಡಿಕೊಟ್ಟರು. ಆ ಚೀಟಿಯನ್ನು ಅವರಲ್ಲಿ ಹಲವರು ಮಾಡಿಸಿಕೊಂಡಿದ್ದೇ ಕೊರೊನಾ ಕಾಲದಲ್ಲಿ, ಪಿಎಂ ಸ್ವನಿಧಿಯ 10 ಸಾವಿರ ಸಾಲಕ್ಕೆ ಬೇಕು ಅಂತ. ಸಾಲಕ್ಕೆ ಮಾಡಿಸಿದ್ದು ಜಾಗಕ್ಕೆ ಬಂತು.

ತೆರವಾದ ಮೇಲೆ ತಗಡಿನ ಶೆಡ್ಡು. ಇದ್ದಬದ್ದ ಖಾಲಿ ಜಾಗದಲ್ಲಿ ಎರಡು ಸಾಲು. ಠೇವಣಿ ಕಟ್ಟಿಸಿಕೊಂಡರು, ಬಾಡಿಗೆ ಹಳೆಯದಕ್ಕಿಂತ ಕಡಿಮೆ. ಒಳಗಿನ ವೈರಿಂಗು, ನೆಲಕ್ಕೆ ಸಿಮೆಂಟು, ಬಾಗಿಲ ಚಿಲಕ ಎಲ್ಲ ನಮ್ಮದೇ. ನನಗೆ ಸುಮಾರು 35 ಸಾವಿರ ಬಿತ್ತು. ಸಾಮಾನು ಪೂರ್ತಿ ಹಿಡಿಯಲಿಲ್ಲ, ಉಳಿದದ್ದಕ್ಕೆ ಒಂದು ಗೋಡೌನು ಬಾಡಿಗೆ ಹಿಡಿದೆ. ಏಪ್ರಿಲ್‌ನಲ್ಲಿ ಆ ಶೆಡ್ಡಿನೊಳಗೆ ಕೂತರೆ ಭಟ್ಟಿಯ ಮಂಡಕ್ಕಿಯ ಹಾಗೆ ನಾವೇ ಅರಳುತ್ತಿದ್ದೆವು. ಹೊಳಪಿನ ಪ್ಲಾಸ್ಟಿಕ್ ಗುಂಡಿಗಳು ಕವರಿನಲ್ಲೇ ಅಂಟಿಕೊಂಡವು. ಅಂಟು ಹಚ್ಚಿದ ಕ್ಯಾನ್ವಾಸು ಸುರುಳಿಯಲ್ಲೇ ಒಂದಕ್ಕೊಂದು ಹಿಡಿದುಕೊಂಡು ಬಿಡಿಸಲು ಬರಲಿಲ್ಲ, ಅದು ಪೂರ್ತಿ ನಷ್ಟ. ಇಂಥ ಸಾಮಾನು ಇಟ್ಟವರು ಬೇಸಿಗೆಯ ಮಟ್ಟಿಗೆ ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಗಿರಾಕಿ ಕಡಿಮೆ ಆಗುತ್ತಾರೆ. ಇದಕ್ಕೆ ತಯಾರಿರಿ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಟೈಲರುಗಳು ಬಸ್ಸಿಳಿದು ನೇರ ಬರುತ್ತಿದ್ದವರು ಕೆಡವಿದ ಜಾಗ ನೋಡಿ ಅಂಗಡಿ ಮುಚ್ಚಿತು ಅಂತಲೇ ತಿಳಿದರು. ಹಳೇ ಬಿಲ್ ಪುಸ್ತಕಗಳಿಂದ ಫೋನ್ ನಂಬರು ಹುಡುಕಿ ಒಬ್ಬೊಬ್ಬರಿಗೂ ಕರೆ ಮಾಡಿದೆ. ಬಣ್ಣದ ತುಂಡು ಬಟ್ಟೆಯ ಫೋಟೊ ಕಳಿಸಿದರೆ ಅದಕ್ಕೆ ಹೊಂದುವ ದಾರ, ಲೈನಿಂಗ್ ಬಸ್ಸಿನಲ್ಲಿ ಹಾಕಿ ಕಳಿಸುವ ಪದ್ಧತಿ ಆಗ ಶುರುವಾಯಿತು. ಈಗಲೂ ನಡೆದಿದೆ. ಮೊಬೈಲಿನ ಫೋಟೊದಲ್ಲಿ ಮರೂನ್ ಬಣ್ಣ ನಂಬಬೇಡಿ ಅಂತಷ್ಟೇ ಹೇಳಬಲ್ಲೆ.

ಕೆಲಸ ಹೇಳಿದ ಅವಧಿಗೆ ಮುಗಿಯಲಿಲ್ಲ. ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಅಂತ ಆಳಕ್ಕೆ ಅಗೆದರು. ನಮ್ಮ ಕಡೆಯ ಎರೆ ಮಣ್ಣು ಗೊತ್ತಲ್ಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗಟ್ಟಿ ಪದರ ಸಿಗುವವರೆಗೆ ಇಳಿಯಬೇಕು, ಪಕ್ಕದ ಮಣ್ಣು ಕುಸಿಯದ ಹಾಗೆ ತಡೆಗೋಡೆ ಕಟ್ಟಬೇಕು. ಅಷ್ಟರಲ್ಲಿ ಮಳೆಗಾಲ ಬಂತು. ಒಂದು ಇಡೀ ಮಳೆಗಾಲ ಆ ಹೊಂಡದಲ್ಲಿ ನೀರು ನಿಂತು, ಸಂಜೆ ಆದರೆ ಸೊಳ್ಳೆಯ ಹಿಂಡು. ಪಂಪು ಹಚ್ಚಿ ಖಾಲಿ ಮಾಡಿದರೆ ಮರುದಿನ ಮತ್ತೆ ತುಂಬುತ್ತಿತ್ತು. ಆಮೇಲೆ ಬಿಲ್ಲು ಪಾವತಿ ಆಗಿಲ್ಲ ಅಂತ ಕೂಲಿಯವರು ಹೋದರು. ಯಾರನ್ನು ಕೇಳಿದರೂ "ಇನ್ನು ಮೂರು ತಿಂಗಳು". ಎಲ್ಲ ಕಾಲದಲ್ಲೂ ಅದೇ ಮೂರು ತಿಂಗಳು.

ಆಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. 2005ರ ಕಾಯ್ದೆ, 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದೊಳಗೆ ಉತ್ತರ, ಇದೆಲ್ಲ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ನಮ್ಮ ಅಂಗಡಿಕಾರರ ಸಂಘದವರು ಸಿಟ್ಟಿನಲ್ಲಿ ಎರಡು ಪುಟ ಬರೆದಿದ್ದರು, ಅದು ಹಾಗೇ ವಾಪಸ್ ಬಂತು. ಆಮೇಲೆ ಬೇರೆ ಬೇರೆ ಅರ್ಜಿ ಮಾಡಿದೆವು. ಒಂದರಲ್ಲಿ ಗುತ್ತಿಗೆ ಕರಾರಿನ ಪ್ರತಿ, ಒಂದರಲ್ಲಿ ಮಂಜೂರಾದ ನಕ್ಷೆ, ಒಂದರಲ್ಲಿ ಪುನರ್ವಸತಿ ಪಟ್ಟಿ. "ಯಾಕೆ ತಡ?" ಅಂತ ಕೇಳಬೇಡಿ, ಅದಕ್ಕೆ ಅವರು ಉತ್ತರಿಸಬೇಕಿಲ್ಲ. ಕಡತದಲ್ಲಿರುವ ಕಾಗದದ ಹೆಸರು ಹೇಳಿ ಪ್ರತಿ ಕೇಳಿ. ಪುಟಕ್ಕೆ 2 ರೂಪಾಯಿ.

ನಕ್ಷೆ ಕೈಗೆ ಬಂದಾಗಲೇ ಎದೆ ಧಸಕ್ಕೆಂದಿದ್ದು. ನೆಲಮಹಡಿಯಲ್ಲಿ ರಸ್ತೆಗೆ ಮುಖ ಮಾಡಿದ ಜಾಗ ಪೂರ್ತಿ ದೊಡ್ಡ ಮಳಿಗೆಗಳಿಗೆ. ಸಣ್ಣವು ಮೊದಲ ಮಹಡಿಯಲ್ಲಿ, ಒಂದಷ್ಟು ಮಾತ್ರ ಕೆಳಗೆ ಒಳಓಣಿಯಲ್ಲಿ. ಲೆಕ್ಕ ನನಗೂ ಅರ್ಥವಾಗುತ್ತದೆ. ಇಷ್ಟು ದುಡ್ಡು ಹಾಕಿ ಕಟ್ಟಿದ ಮೇಲೆ ಅದು ವಾಪಸ್ ಬರಬೇಕು, ರಸ್ತೆ ಮುಖದ ಚದರಡಿಗೆ ಹರಾಜಿನಲ್ಲಿ ಬರುವ ಬಾಡಿಗೆ ನಮ್ಮಂಥವರಿಂದ ಬರುವುದಿಲ್ಲ. ಆದರೆ ಎರಡು ರೂಪಾಯಿಯ ದಾರಕ್ಕೆ ಮೆಟ್ಟಿಲು ಹತ್ತುವವರು ಯಾರು? ನಡಾವಳಿಯಲ್ಲಿ "ಹಾಲಿ ಇರುವ ಮಹಡಿಯಲ್ಲಿಯೇ" ಅನ್ನುವ ಮೂರು ಪದ ಸೇರಿಸಿಕೊಂಡಿದ್ದು ಆಗ ನೆನಪಾಯಿತು. ಅದನ್ನು ಹಿಡಿದು ಮತ್ತೆ ಓಡಾಟ, ಮನವಿ, ಜನಪ್ರತಿನಿಧಿಗಳ ಮನೆ ಮುಂದೆ ಬೆಳಗ್ಗೆ ಆರಕ್ಕೆ ನಿಲ್ಲುವುದು. ಕೊನೆಗೆ ಒಳಓಣಿಯ ಮಳಿಗೆಗಳನ್ನು ಹೆಚ್ಚು ಮಾಡಿದರು. ಎಲ್ಲರಿಗೂ ಸಾಕಾಗಲಿಲ್ಲ. ಯಾರಿಗೆ ಕೆಳಗೆ, ಯಾರಿಗೆ ಮೇಲೆ ಅಂತ ಚೀಟಿ ಎತ್ತಿದರು.

ಚೀಟಿ ಎತ್ತುವ ದಿನ ಸ್ಟೀಲಿನ ಡಬ್ಬಿಯೊಂದನ್ನು ಬೋರಲು ಹಾಕಿ ಖಾಲಿ ಅಂತ ತೋರಿಸಿ, ಎಲ್ಲರ ಎದುರೇ ಚೀಟಿ ಮಡಿಸಿ ಹಾಕಿದರು. ವಿಡಿಯೊ ಮಾಡಿದರು. ಒಳ್ಳೆಯ ಕೆಲಸ, ಅದನ್ನು ಹೇಳಲೇಬೇಕು. ನನಗೆ ಕೆಳಗೇ ಬಂತು. ಪಾತ್ರೆ ಅಂಗಡಿಯ ಹಿರಿಯರಿಗೆ ಮೇಲೆ ಬಂತು. ಅವರ ಮೊಣಕಾಲು ನೋವು ನಮಗೆಲ್ಲ ಗೊತ್ತು. ಖುಷಿಪಡಲು ನಾಚಿಕೆಯಾಯಿತು. ಕೆಳಗೆ ಬಂದವರು, ಮೇಲೆ ಬಂದವರು ಪರಸ್ಪರ ಒಪ್ಪಿದರೆ ಬದಲಿಸಿಕೊಳ್ಳಲು ಅವಕಾಶ ಕೊಟ್ಟಿದ್ದರು. ಮೊಬೈಲ್ ರಿಪೇರಿಯ ಹುಡುಗನೊಬ್ಬ ಮೇಲೆ ಹೋಗಿ ಅವರಿಗೆ ಕೆಳಗಿನದು ಬಿಟ್ಟುಕೊಟ್ಟ. ಸುಮ್ಮನೆ ಅಲ್ಲ, ಮಧ್ಯೆ ಏನೋ ಮಾತುಕತೆ ಆಗಿತ್ತು. ಆದರೂ ಒಳ್ಳೆಯದೇ ಆಯಿತು.

ನನ್ನ ಮಳಿಗೆಯ ಒಳಗೆ ಬಲಮೂಲೆಯಿಂದ ಒಂದೂವರೆ ಅಡಿ ಈಚೆಗೆ ಒಂದು ಕಂಬ ನಿಂತಿದೆ. ಕಂಬದ ಹಿಂದಿನ ಸಂದಿನಲ್ಲಿ ಕೈ ಆಡುತ್ತದೆ, ರ್‍ಯಾಕು ಕೂರುವುದಿಲ್ಲ. ಬಾಡಿಗೆ ಲೆಕ್ಕಕ್ಕೆ ಮಾತ್ರ ಆ ಕಂಬವೂ ಸೇರಿದೆ, ಎದುರಿನ ಓಣಿಯ ಪಾಲೂ ಸೇರಿದೆ. ಚದರಡಿ ದರ ಕೇಳಿ ಒಪ್ಪುವ ಮುಂಚೆ ಯಾವ ಅಳತೆಗೆ ಆ ದರ ಅಂತ ಕೇಳಿ. ಗೋಡೆಯೊಳಗಿನ ಜಾಗಕ್ಕೋ, ಹೊರಗಿನ ಮೆಟ್ಟಿಲು ಶೌಚಾಲಯ ಎಲ್ಲ ಹಂಚಿದ ಅಳತೆಗೋ? ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಹೊಸ ಬಾಡಿಗೆ ಹಳೆಯದರ ಹಲವು ಪಟ್ಟು. ಹಳೇ ಬಾಡಿಗೆ ತೀರಾ ಕಡಿಮೆ ಇತ್ತು ಅನ್ನುವುದೂ ನಿಜ, ಅದನ್ನು ನಮ್ಮ ಸಂಘದ ಸಭೆಯಲ್ಲಿ ಹೇಳಿ ನಾನು ಬೈಸಿಕೊಂಡಿದ್ದೇನೆ. ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಾದ್ದರಿಂದ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬಾಡಿಗೆದಾರನ ತಲೆಗೇ. ಠೇವಣಿಗೆ ಹೆಂಡತಿಯ ಸ್ವಸಹಾಯ ಸಂಘದಿಂದ ಸಾಲ, ಉಳಿದದ್ದಕ್ಕೆ ಒಡವೆ ಅಡ.

ಬೀಗದ ಕೈ ಬಂತು, ಪೂಜೆ ಮಾಡಿದೆವು. ಕರೆಂಟು ಇಲ್ಲ. ಸ್ವಾಧೀನಾನುಭವ ಪತ್ರ (ಕಟ್ಟಡವನ್ನು ಬಳಸಬಹುದು ಅಂತ ಕೊಡುವ ಓಸಿ) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಲ್ಲ ಕಡೆ ಬಿಗಿಯಾಗಿದೆ. ಕಟ್ಟಿಸಿದವರು ಆ ಪತ್ರ ತೆಗೆದುಕೊಂಡೇ ಇರಲಿಲ್ಲ. ಅಗ್ನಿಶಾಮಕದ ನಿರಾಕ್ಷೇಪಣೆ ಬಾಕಿ, ಲಿಫ್ಟಿನ ಪರವಾನಗಿ ಬಾಕಿ. ಬಾಡಿಗೆ ಮಾತ್ರ ಬೀಗದ ಕೈ ಕೊಟ್ಟ ದಿನದಿಂದಲೇ ಶುರು ಅಂತ ಕರಾರಿನಲ್ಲಿತ್ತು. ಕೆಲವು ತಿಂಗಳು ಚಾರ್ಜ್ ಮಾಡುವ ದೀಪದಲ್ಲಿ ವ್ಯಾಪಾರ ಮಾಡಿದೆ. ಕಪ್ಪು ದಾರ, ನೇವಿ ಬ್ಲೂ ದಾರ ಬೇರೆ ಮಾಡಲು ಗಿರಾಕಿಗಳನ್ನು ಓಣಿಯ ಬಾಯಿಗೆ, ಬೆಳಕಿಗೆ ಕರೆದುಕೊಂಡು ಹೋಗಬೇಕಿತ್ತು. ಬಾಡಿಗೆ ಯಾವತ್ತಿನಿಂದ ಅನ್ನುವ ಕಲಮಿನಲ್ಲಿ "ವಿದ್ಯುತ್ ಸಂಪರ್ಕ ಕೊಟ್ಟ ದಿನದಿಂದ" ಅಂತ ಬರೆಸಿಕೊಳ್ಳಲು ಕೊನೇವರೆಗೂ ಹಟ ಹಿಡಿಯಿರಿ. ನಮ್ಮದು ಮನವಿ ಕೊಟ್ಟ ಮೇಲೆ ಅರ್ಧ ಮನ್ನಾ ಆಯಿತು.

ಉಳಿದವು ಸಣ್ಣ ಕೆಲಸಗಳು, ಆದರೆ ಬಿಟ್ಟರೆ ತೊಂದರೆ. ಜಿಎಸ್‌ಟಿ ನೋಂದಣಿ ಇದ್ದರೆ ವಿಳಾಸ ಬದಲಾದ 15 ದಿನದೊಳಗೆ ತಿದ್ದುಪಡಿ ಹಾಕಬೇಕು. ಶೆಡ್ಡಿಗೆ ಹೋದಾಗ ಒಮ್ಮೆ, ಹೊಸದಕ್ಕೆ ಬಂದಾಗ ಇನ್ನೊಮ್ಮೆ. ಉದ್ಯಮ ಪರವಾನಗಿಯಲ್ಲಿ ಮಳಿಗೆ ಸಂಖ್ಯೆ ಬದಲಿಸಬೇಕು. ಬ್ಯಾಂಕಿನ ಚಾಲ್ತಿ ಖಾತೆ, ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ, ಕ್ಯೂಆರ್ ಕೋಡಿನವರ ವಿಳಾಸ ಕೂಡ. ಹಳೇ ಮೀಟರನ್ನು ಸರೆಂಡರ್ ಮಾಡಿ ಅದರ ಠೇವಣಿ ವಾಪಸ್ ಕೇಳುವುದನ್ನು ನಮ್ಮಲ್ಲಿ ಅರ್ಧ ಜನ ಮರೆತರು, ಮೀಟರೇ ಮಣ್ಣಿನಡಿ ಹೋಯಿತು.

ಬೋರ್ಡು ಅಪ್ಪನ ಹೆಸರಿನಲ್ಲೇ ಬರೆಸಿದ್ದೇನೆ. ವ್ಯಾಪಾರ ಹಳೇ ಮಟ್ಟಕ್ಕೆ ಇನ್ನೂ ಬಂದಿಲ್ಲ, ಬಾಡಿಗೆ ಮತ್ತು ಸಾಲದ ಕಂತಿಗೆ ಸರಿಹೋಗುತ್ತಿದೆ. ಶೆಡ್ಡಿನ ಠೇವಣಿ ಇನ್ನೂ ವಾಪಸ್ ಬಂದಿಲ್ಲ. ಶೆಡ್ಡು ಸುಸ್ಥಿತಿಯಲ್ಲಿ ಒಪ್ಪಿಸಿದ್ದಕ್ಕೆ ಸಹಿ ಮಾಡಿದ ಪತ್ರ ಬೇಕು ಅನ್ನುತ್ತಿದ್ದಾರೆ. ಒಪ್ಪಿಸಿದ ದಿನವೇ ಬರೆಸಿಕೊಂಡಿದ್ದೆ, ಅದರ ಜೆರಾಕ್ಸ್ ಹಚ್ಚಿ ಹೋದ ವಾರ ಅರ್ಜಿ ಕೊಟ್ಟು ಬಂದಿದ್ದೇನೆ.